ನಲವತ್ತನೇ ಪ್ಯಾರಾ ಮತ್ತು ಅಪ್ಪನ ಗ್ಯಾಸ್ಟ್ರಿಕ್

1973ರ ಅಕ್ಟೋಬರ್ 5, ಶುಕ್ರವಾರ. ಇಸ್ರೇಲಿನ ಸೇನಾ ಗುಪ್ತಚರ ವಿಭಾಗ ಅಮಾನ್ ಅವತ್ತು ಒಂದು ವರದಿ ಹೊರಡಿಸಿತು. ಸೂಯೆಜ್ ಕಾಲುವೆಯ ಆಚೆ ದಡದಲ್ಲಿ ಈಜಿಪ್ಟಿನ ಸೇನೆ ಏನೇನು ಮಾಡುತ್ತಿದೆ ಅಂತ ಪ್ಯಾರಾ ಮೇಲೆ ಪ್ಯಾರಾ ಬರೆದಿದ್ದರು. ಫಿರಂಗಿಗಳು ಜಾಸ್ತಿಯಾಗಿವೆ, ಸೇನೆ ತುರ್ತು ಸ್ಥಿತಿಯಲ್ಲಿ ನಿಂತಿದೆ, ಹೀಗೆ ಸಾಲುಗಟ್ಟಿ. ಓದುತ್ತಾ ಹೋದರೆ ಎಂಥವರಿಗೂ ಎದೆ ಹೊಡೆದುಕೊಳ್ಳಬೇಕು. ಆಮೇಲೆ ನಲವತ್ತನೇ ಪ್ಯಾರಾ ಬರುತ್ತದೆ. ಅದರ ಸಾರ ಇಷ್ಟು: ಇದೆಲ್ಲಾ ದಾಳಿಯ ಲಕ್ಷಣದ ಹಾಗೆ ಕಂಡರೂ, ನಮ್ಮ ಅಂದಾಜಿನಲ್ಲಿ ಈಜಿಪ್ಟಿನವರು ತಮ್ಮ ಬಲಾಬಲದ ಬಗ್ಗೆ ಇಟ್ಟುಕೊಂಡ ಲೆಕ್ಕ ಬದಲಾಗಿಲ್ಲ, ಹಾಗಾಗಿ ಅವರು ಯುದ್ಧಕ್ಕೆ ಇಳಿಯುವ ಸಾಧ್ಯತೆ ಕಡಿಮೆ.

ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಯುದ್ಧ ಶುರುವಾಯಿತು. ಅವತ್ತು ಯೋಮ್ ಕಿಪ್ಪೂರ್, ಯಹೂದಿಗಳು ಉಪವಾಸ ಇರುವ ದಿನ. ದಕ್ಷಿಣದಲ್ಲಿ ಈಜಿಪ್ಟ್, ಉತ್ತರದ ಗೋಲಾನ್‌ನಲ್ಲಿ ಸಿರಿಯಾ. ಆ ಯುದ್ಧದಲ್ಲಿ ಇಸ್ರೇಲ್ 2,600ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು.

ನಾನು ಗುಪ್ತಚರ ಇಲಾಖೆಯವನಲ್ಲ, ಗಾಬರಿಯಾಗಬೇಡಿ. ಇನ್ಶೂರೆನ್ಸ್ ಕ್ಲೇಮುಗಳನ್ನು ನೋಡುವ ಕೆಲಸ ನನ್ನದು. ಯಾವುದು ನಿಜ, ಯಾವುದು ಬೊಗಳೆ ಅಂತ ಕಾಗದ ನೋಡಿ ಹೇಳಬೇಕು. ಅರ್ಧಂಬರ್ಧ ಮಾಹಿತಿ, ಬೇಕಂತಲೇ ದಾರಿ ತಪ್ಪಿಸುವ ಜನ, ಮೇಲಿನವರಿಗೆ ಸಾಯಂಕಾಲದೊಳಗೆ ಉತ್ತರ ಬೇಕು. ಹಾಗಾಗಿ ಈ ವಿಷಯ ಕೈಗೆ ಸಿಕ್ಕಾಗ ಬಿಡಲಾಗಲಿಲ್ಲ. ಒಂದು ವರ್ಷ ಇದೇ ಹುಚ್ಚು. ಮನೆಯವರು ಯೋಮ್ ಕಿಪ್ಪೂರ್ ಅಂದರೆ ಎದ್ದು ಹೋಗುವ ಹಂತಕ್ಕೆ ಬಂದಿದ್ದರು.

ನಲವತ್ತನೇ ಪ್ಯಾರಾ ಬರೆದವರು ದಡ್ಡರಲ್ಲ. ಇದನ್ನು ಮೊದಲು ಹೇಳಿಬಿಡಬೇಕು. ಅವರ ತಲೆಯಲ್ಲಿ ಒಂದು ಸಿದ್ಧಾಂತ ಇತ್ತು, ಹೀಬ್ರೂನಲ್ಲಿ ಅದಕ್ಕೆ 'ಕೊನ್ಸೆಪ್ಟ್ಸಿಯಾ' ಅಂತಲೇ ಹೆಸರು ಬಿತ್ತು. ಇಸ್ರೇಲಿನ ಒಳಗಿನ ವಿಮಾನ ನೆಲೆಗಳ ತನಕ ಹೋಗಿ ಹೊಡೆಯುವಂಥ ವಿಮಾನ ಸಿಗುವವರೆಗೆ ಈಜಿಪ್ಟ್ ಯುದ್ಧಕ್ಕೆ ಬರಲ್ಲ, ಈಜಿಪ್ಟ್ ಇಲ್ಲದೆ ಸಿರಿಯಾ ಒಂದೇ ಬರಲ್ಲ. ಇದು ಯಾರೋ ಕೂತು ಊಹಿಸಿದ್ದಲ್ಲ. ಈಜಿಪ್ಟಿನ ಒಳಗಿಂದಲೇ ಬಂದ ಮಾಹಿತಿ. ಅದನ್ನು ತಂದುಕೊಟ್ಟವರಲ್ಲಿ ಈಜಿಪ್ಟಿನ ಹಿಂದಿನ ಅಧ್ಯಕ್ಷ ನಾಸೆರ್ ಅವರ ಅಳಿಯ ಅಶ್ರಫ್ ಮರ್ವಾನ್ ಕೂಡ ಒಬ್ಬ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಆದರೆ 1972ರ ಅಕ್ಟೋಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ತಮ್ಮ ಜನರಲ್‌ಗಳನ್ನು ಕೂರಿಸಿಕೊಂಡು, ಇದ್ದದ್ದರಲ್ಲೇ ಹೋಗೋಣ, ಕಾಲುವೆ ದಾಟಿ ಒಂದಷ್ಟು ಜಾಗ ಹಿಡಿದರೂ ಸಾಕು ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಲೋಕ ಬದಲಾಗಿತ್ತು, ಸಿದ್ಧಾಂತ ಮಾತ್ರ ಗೂಟ ಹೊಡೆದುಕೊಂಡು ಕೂತಿತ್ತು.

ಆಮೇಲೆ ಬಂದ ಒಂದೊಂದು ಸುದ್ದಿಯೂ ಆ ಗೂಟಕ್ಕೇ ಕಟ್ಟಿಕೊಂಡಿತು. ಈಜಿಪ್ಟ್ ಸೇನೆ ಕಾಲುವೆ ಹತ್ತಿರ ಬಂದಿದೆಯಾ? ವರ್ಷ ವರ್ಷ ಮಾಡುವ ಸಮರಾಭ್ಯಾಸ. ಸಿರಿಯಾ ಟ್ಯಾಂಕು ತಂದು ನಿಲ್ಲಿಸಿದೆಯಾ? ಸೆಪ್ಟೆಂಬರ್ 13ರಂದು ನಾವು ಅವರ ಹತ್ತಕ್ಕೂ ಹೆಚ್ಚು ವಿಮಾನ ಹೊಡೆದುಹಾಕಿದ್ದೇವಲ್ಲ, ಹೆದರಿದ್ದಾರೆ. ಸೆಪ್ಟೆಂಬರ್ 25ರಂದು ಜೋರ್ಡಾನಿನ ದೊರೆ ಹುಸೇನ್ ಗುಟ್ಟಾಗಿ ಬಂದು ಪ್ರಧಾನಿ ಗೋಲ್ಡಾ ಮೇಯರ್ ಅವರಿಗೇ ಎಚ್ಚರಿಕೆ ಕೊಟ್ಟು ಹೋದರು. ಅದಕ್ಕೂ ಒಂದು ವಿವರಣೆ ಸಿಕ್ಕಿತು. ವಿವರಣೆಗೇನು ಬರ, ಅಲ್ವಾ?

ಇದಕ್ಕೆಲ್ಲ ಕಳಶ ಇಟ್ಟಂತೆ ಮೇ ತಿಂಗಳಿನ ಒಂದು ಘಟನೆ. ಆಗಲೂ ಯುದ್ಧ ಆಗುತ್ತದೆ ಅಂತ ಗುಲ್ಲೆದ್ದಿತ್ತು. ಸೇನಾ ಮುಖ್ಯಸ್ಥ ಡೇವಿಡ್ ಎಲಾಜಾರ್ ತಯಾರಿ ಮಾಡಿಸಿದರು, ದುಡ್ಡು ನೀರಿನ ಹಾಗೆ ಹೋಯಿತು. ಅಮಾನ್ ಮುಖ್ಯಸ್ಥ ಎಲಿ ಝೇರಾ ಮಾತ್ರ ಯುದ್ಧ ಆಗಲ್ಲ ಅಂದಿದ್ದರು. ಆಗಲಿಲ್ಲ. ಅಲ್ಲಿಗೆ ಅಕ್ಟೋಬರಿನಲ್ಲಿ ಯಾರ ಮಾತಿಗೆ ತೂಕ ಜಾಸ್ತಿ ಅನ್ನೋದು ಮೇ ತಿಂಗಳಲ್ಲೇ ತೀರ್ಮಾನವಾಗಿಹೋಗಿತ್ತು. ಒಂದು ಸಲ ಸರಿಯಾಗಿ ಹೇಳಿದವನಷ್ಟು ಅಪಾಯದ ಮನುಷ್ಯ ಆಫೀಸಿನಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಸ್ವಂತ ಅನುಭವ, ಆ ಮನುಷ್ಯ ಎರಡು ಸಲ ನಾನೇ ಆಗಿದ್ದೆ.

ಈಗ ಸೈಕಾಲಜಿಗೆ ಬರೋಣ. ಅಮೆರಿಕದ ಸಿಐಎಯಲ್ಲಿ ರಿಚರ್ಡ್ಸ್ ಹ್ಯೂಯರ್ ಅಂತ ಒಬ್ಬರಿದ್ದರು. ದಶಕಗಳ ಕಾಲ ಅಲ್ಲೇ ಕೆಲಸ ಮಾಡಿದವರು. ಮನಶ್ಶಾಸ್ತ್ರದ ಪ್ರಯೋಗಗಳನ್ನು ಓದಿ, ಇದು ನಮ್ಮ ವಿಶ್ಲೇಷಕರ ಕಥೆಯೇ ಅಂತ ಗುರುತಿಸಿ, ಒಳಗಿನವರಿಗೆ ಅಂತಲೇ ಲೇಖನ ಬರೆಯುತ್ತಾ ಹೋದರು. ಅವೆಲ್ಲಾ ಸೇರಿ 1999ರಲ್ಲಿ ಪುಸ್ತಕವಾಯಿತು, ಸಿಐಎಯೇ ಪ್ರಕಟಿಸಿತು. ಅವರ ವಾದ ನೇರ: ಗುಪ್ತಚರ ಕೆಲಸ ಕೆಡುವುದು ಬಹಳ ಸಲ ಮಾಹಿತಿ ಸಾಲದೆ ಅಲ್ಲ, ಇರುವ ಮಾಹಿತಿಯನ್ನು ತಲೆ ಹೇಗೆ ಜೋಡಿಸಿಕೊಳ್ಳುತ್ತದೆ ಅನ್ನುವುದರಲ್ಲಿ.

ಅವರು ಎತ್ತಿಕೊಳ್ಳುವ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪಾಲ್ ಸ್ಲೋವಿಕ್ ಅನ್ನುವ ಮನಶ್ಶಾಸ್ತ್ರಜ್ಞ ಕುದುರೆ ರೇಸಿನಲ್ಲಿ ಪಳಗಿದ ಎಂಟು ಜನರನ್ನು ಹಿಡಿದರು. ಒಂದು ಕುದುರೆಯ ಬಗ್ಗೆ 88 ಬಗೆಯ ಮಾಹಿತಿ ಇಟ್ಟುಕೊಂಡು, ಯಾವುದು ಬೇಕೋ ಆರಿಸಿಕೊಳ್ಳಿ ಅಂದರು. ಮೊದಲು ಬರೀ ಐದು. ಆಮೇಲೆ ಹತ್ತು, ಇಪ್ಪತ್ತು, ನಲವತ್ತು. ಪ್ರತಿ ಸಲವೂ ಯಾವ ಕುದುರೆ ಗೆಲ್ಲುತ್ತೆ, ನಿಮಗೆಷ್ಟು ಖಾತ್ರಿ ಅಂತ ಕೇಳಿದರು. ಐದು ಮಾಹಿತಿ ಇದ್ದಾಗ ಎಷ್ಟು ಸರಿ ಹೇಳಿದ್ದರೋ, ನಲವತ್ತು ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ. ಖಾತ್ರಿ ಮಾತ್ರ ಏರುತ್ತಲೇ ಹೋಯಿತು. ಅಂದರೆ ಫೈಲು ದಪ್ಪವಾದಷ್ಟೂ ನಮಗೆ ತಿಳಿವಳಿಕೆ ಬರುವುದಿಲ್ಲ, ಧೈರ್ಯ ಬರುತ್ತದೆ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಸಾಯಂಕಾಲ ಚೀಟಿ ಹರಿದು ಬಿಸಾಕುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರೇನೋ, ಆದರೆ ಯಾರೂ ಅವರನ್ನು ಕೇಳಿರಲಿಲ್ಲ.

ಹ್ಯೂಯರ್ ಕೊಟ್ಟ ಮದ್ದು ಒಂದು ಸರಳ ಕೋಷ್ಟಕ. ಮೇಲೆ ಅಡ್ಡಕ್ಕೆ ಸಾಧ್ಯ ಇರುವ ಎಲ್ಲಾ ವಿವರಣೆಗಳು. ಎಡಗಡೆ ಉದ್ದಕ್ಕೆ ಸಿಕ್ಕಿರುವ ಒಂದೊಂದು ಸುಳಿವು. ನಾವು ಸಾಮಾನ್ಯವಾಗಿ ಒಂದು ವಿವರಣೆ ಹಿಡಿದುಕೊಂಡು ಅದಕ್ಕೆ ಎಷ್ಟು ಸುಳಿವು ಹೊಂದುತ್ತೆ ಅಂತ ಮೇಲಿಂದ ಕೆಳಗೆ ನೋಡುತ್ತೇವೆ. ಅವರು ಅಡ್ಡಕ್ಕೆ ನೋಡಿ ಅನ್ನುತ್ತಾರೆ. ಈ ಒಂದು ಸುಳಿವು ಯಾವ ಯಾವ ವಿವರಣೆಗೆ ಹೊಂದುತ್ತೆ, ಯಾವುದಕ್ಕೆ ಹೊಂದಲ್ಲ? ಎಲ್ಲದಕ್ಕೂ ಹೊಂದುವುದಾದರೆ ಅದು ಎಷ್ಟೇ ದೊಡ್ಡ ಸುದ್ದಿಯಾದರೂ ಉಪಯೋಗವಿಲ್ಲ. ಅವರದೇ ಉದಾಹರಣೆ ಜ್ವರದ್ದು. ಮೈ ಸುಡುತ್ತಿದೆ ಅಂದರೆ ಕಾಯಿಲೆ ಇದೆ ಅಂತ ಗೊತ್ತಾಯಿತು, ಯಾವ ಕಾಯಿಲೆ ಅಂತ ಗೊತ್ತಾಗಲಿಲ್ಲ.

ಇದನ್ನು 1973ಕ್ಕೆ ಹಚ್ಚಿ ನೋಡಿದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದೆ. ಒಂದು ಕಡೆ 'ಸಮರಾಭ್ಯಾಸ', ಇನ್ನೊಂದು ಕಡೆ 'ಯುದ್ಧ'. ಸೈನ್ಯ ಕಾಲುವೆಗೆ ಬಂದಿದೆ: ಎರಡಕ್ಕೂ ಹೊಂದುತ್ತದೆ. ಮೀಸಲು ಸೈನಿಕರನ್ನು ಕರೆಸಿದ್ದಾರೆ: ಎರಡಕ್ಕೂ. ಕಾಲುವೆ ದಂಡೆಯಲ್ಲಿ ಸೈನಿಕರು ಆರಾಮಾಗಿದ್ದಾರೆ: ಅದೂ ಎರಡಕ್ಕೂ, ಯಾಕೆಂದರೆ ಮೋಸ ಮಾಡುವವನು ಹಾಗೇ ಕಾಣಿಸಿಕೊಳ್ಳುತ್ತಾನೆ. ಆಮೇಲೆ ಅಕ್ಟೋಬರ್ 4ರ ರಾತ್ರಿಯ ಸುದ್ದಿ ಬರುತ್ತದೆ. ಸೋವಿಯತ್ ಸಲಹೆಗಾರರ ಹೆಂಡತಿ ಮಕ್ಕಳನ್ನು ಈಜಿಪ್ಟ್ ಮತ್ತು ಸಿರಿಯಾ ಎರಡೂ ಕಡೆಯಿಂದ ಅವಸರದಲ್ಲಿ ವಿಮಾನ ಹತ್ತಿಸುತ್ತಿದ್ದಾರೆ. ಇಲ್ಲಿ ನನ್ನ ಪೆನ್ನು ನಿಂತಿತು. ಸಮರಾಭ್ಯಾಸಕ್ಕೆ ಯಾರಾದರೂ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಾರಾ? ಆ ಸಾಲಿನಲ್ಲಿ ಒಂದೇ ಕಡೆ ಟಿಕ್ ಬೀಳುತ್ತದೆ. ಅಮಾನ್‌ನವರಿಗೂ ಈ ಸುದ್ದಿ ತಲೆಕೆಡಿಸಿತ್ತು. ಆದರೆ ಮಿಕ್ಕ ನೂರು ಸುದ್ದಿಗಳ ರಾಶಿಯಲ್ಲಿ ಅದೂ ಒಂದಾಯಿತು. ನೂರಕ್ಕೆ ಒಂದು ಅಂತ ಎಣಿಸಿದರೆ ಸೋಲುತ್ತದೆ, ತೂಗಿದರೆ ಗೆಲ್ಲುತ್ತದೆ.

ಇಲ್ಲೇ ಒಬ್ಬ ಹುಡುಗನ ಕಥೆ ಹೇಳಬೇಕು. ದಕ್ಷಿಣ ಕಮಾಂಡಿನ ಗುಪ್ತಚರ ವಿಭಾಗದಲ್ಲಿ ಬೆಂಜಮಿನ್ ಸಿಮನ್-ತೋವ್ ಅಂತ ಒಬ್ಬ ಲೆಫ್ಟಿನೆಂಟ್ ಇದ್ದ. ಅಕ್ಟೋಬರ್ 1 ಮತ್ತು 3ರಂದು ಎರಡು ಟಿಪ್ಪಣಿ ಬರೆದ. ಈಜಿಪ್ಟಿನ ಸಮರಾಭ್ಯಾಸ ಬರೀ ಮರೆ, ಅದರ ಹಿಂದೆ ನಿಜವಾದ ಯುದ್ಧದ ತಯಾರಿ ಇರಬಹುದು ಅಂತ. ಅವನ ಮೇಲಿನವರು ಅದನ್ನು ಕೇಂದ್ರ ಕಚೇರಿಗೆ ಕಳಿಸಲಿಲ್ಲ. ಕಾರಣ? ಕೇಂದ್ರ ಕಚೇರಿ ಇದು ಸಮರಾಭ್ಯಾಸ ಅಂತ ಆಗಲೇ ಹೇಳಿತ್ತಲ್ಲ! ಯುದ್ಧ ಮುಗಿದ ಮೇಲೆ ಸುಪ್ರೀಂ ಕೋರ್ಟ್ ಅಧ್ಯಕ್ಷ ಶಿಮೋನ್ ಅಗ್ರಾನಾತ್ ಅವರ ಆಯೋಗ ವಿಚಾರಣೆ ಮಾಡಿತು. 1974ರ ಏಪ್ರಿಲ್ 1ರಂದು ಬಂದ ಮಧ್ಯಂತರ ವರದಿಯ ನಂತರ ಝೇರಾ ಹೋದರು, ಎಲಾಜಾರ್ ಹೋದರು, ಆ ತಿಂಗಳಲ್ಲೇ ಗೋಲ್ಡಾ ಮೇಯರ್ ರಾಜೀನಾಮೆ ಕೊಟ್ಟರು.

ಅಮಾನ್ ಆಮೇಲೆ ಒಂದು ಚಿಕ್ಕ ತಂಡ ಕಟ್ಟಿತು. ಎಲ್ಲರೂ ಹೌದು ಅಂದಾಗ ಅಲ್ಲ ಅಂತ ವಾದ ಮಾಡುವುದೇ ಅದರ ಕೆಲಸ. ಅದಕ್ಕೆ ಅಂಟಿಕೊಂಡ ಹೆಸರು 'ಇಪ್ಖಾ ಮಿಸ್ತಬ್ರಾ'. ಯಹೂದಿಗಳ ತಾಲ್ಮುದ್ ಗ್ರಂಥದ ಅರಮಾಯಿಕ್ ಮಾತು, ಅರ್ಥ ಹೆಚ್ಚುಕಡಿಮೆ 'ಇಲ್ಲ ಕಣಯ್ಯ, ಉಲ್ಟಾನೇ ಇರಬೇಕು'. ಒಳ್ಳೇ ಉಪಾಯವೇ. ಆದರೆ ಅಲ್ಲ ಅನ್ನುವುದಕ್ಕೇ ಸಂಬಳ ತಗೊಳ್ಳುವವನ ಮಾತನ್ನು ನಾಲ್ಕನೇ ಸಲಕ್ಕೆ ಯಾರು ಗಂಭೀರವಾಗಿ ಕೇಳುತ್ತಾರೆ ಅನ್ನುವ ಅನುಮಾನ ನನಗಿದೆ. ಮದುವೆ ಮನೆಯಲ್ಲಿ ಪ್ರತಿ ಸಲ ಸಾರಿಗೆ ಉಪ್ಪು ಕಮ್ಮಿ ಅನ್ನುವ ದೊಡ್ಡಪ್ಪನ ಹಾಗೆ. ಒಂದು ದಿನ ನಿಜವಾಗಲೂ ಕಮ್ಮಿ ಇರುತ್ತದೆ.

ಮಾತಿನದೂ ಒಂದು ಗೋಜಲಿದೆ. ನಲವತ್ತನೇ ಪ್ಯಾರಾದ 'ಸಾಧ್ಯತೆ ಕಡಿಮೆ' ಅಂದರೆ ಎಷ್ಟು? ಐದು ಪರ್ಸೆಂಟಾ, ಮೂವತ್ತಾ? ಸಿಐಎಯ ಶೆರ್ಮನ್ ಕೆಂಟ್ ಇದನ್ನು 1951ರಲ್ಲೇ ಎದುರಿಸಿದ್ದರು. ಯುಗೊಸ್ಲಾವಿಯಾ ಮೇಲೆ ಆ ವರ್ಷ ದಾಳಿ ಆಗುವ 'ಗಂಭೀರ ಸಾಧ್ಯತೆ' ಇದೆ ಅಂತ ಅವರ ತಂಡ ವರದಿ ಬರೆದಿತ್ತು. ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು, ಹಾಗಂದರೆ ಎಷ್ಟು ಅಂತ ಕೇಳಿದರು. ಕೆಂಟ್ ತಮ್ಮ ಪ್ರಕಾರ 65 ಅಂದರು. ಕೇಳಿದವರು ಬೆಚ್ಚಿದರು, ಅವರು ತುಂಬಾ ಕಮ್ಮಿ ಅಂದುಕೊಂಡಿದ್ದರು. ಕೆಂಟ್ ವಾಪಸ್ ಬಂದು ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರೆ, ಒಬ್ಬೊಬ್ಬರದು ಒಂದೊಂದು ಲೆಕ್ಕ, 20ರಿಂದ 80ರ ತನಕ! ಆಮೇಲೆ ಅವರು ಒಂದೊಂದು ಪದಕ್ಕೆ ಒಂದೊಂದು ಅಂಕಿ ಕಟ್ಟಲು ಹೋದರು. ಕೂಡದು ಅಂದವರಿಗೆ 'ಕವಿಗಳು' ಅಂತ ಹೆಸರಿಟ್ಟರು.

ನಮ್ಮ ಭಾಷೆಯಲ್ಲಂತೂ ಎಲ್ಲರೂ ಕವಿಗಳೇ. 'ಬರ್ತಾನೆ', 'ಬರಬಹುದು', 'ಬಂದ್ರೂ ಬರಬಹುದು', 'ಬಂದೇ ಬರ್ತಾನೆ', 'ಬರ್ತಾನೇನೋ ನೋಡೋಣ'. ಮನೆಯಲ್ಲಿ ಒಂದು ದಿನ 'ಮಳೆ ಬಂದ್ರೂ ಬರಬಹುದು' ಅಂದರೆ ಎಷ್ಟು ಪರ್ಸೆಂಟ್ ಅಂತ ಕೇಳಿದೆ. ಅಮ್ಮ ಇಪ್ಪತ್ತು ಅಂದರು. ಅಕ್ಕ ಐವತ್ತು. ಅಪ್ಪ ತೆಂಗಿನಕಾಯಿ ಒಣಗಲು ಹಾಕಿದ್ದವರು, ಕಾಯಿ ಹೊರಗಿದ್ರೆ ಎಪ್ಪತ್ತು, ಒಳಗಿದ್ರೆ ಹತ್ತು ಅಂದರು. ಕೆಂಟ್ ಅವರಿಗೂ ಇಂಥ ಉತ್ತರ ಸಿಕ್ಕಿರಲಿಕ್ಕಿಲ್ಲ.

ಇದೇನು ಬರೀ ಅವರ ಕಥೆ ಅಂದುಕೊಳ್ಳಬೇಡಿ. ಕಾರ್ಗಿಲ್ ಆದ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ 1999ರ ಜುಲೈನಲ್ಲಿ ನೇಮಕವಾದ ಸಮಿತಿ ಆ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಒಂದು ವಿಷಯ ಓದಿ ನಾನು ಸುಮ್ನೆ ಕೂತುಬಿಟ್ಟೆ. 1998ರ ಸೆಪ್ಟೆಂಬರ್ ತನಕದ ಅಂದಾಜಿನಲ್ಲಿ ಸೀಮಿತ, ದಿಢೀರ್ ದಾಳಿಯನ್ನು ತಳ್ಳಿಹಾಕುವಂತಿಲ್ಲ ಅಂತ ರಾ ಸಂಸ್ಥೆ ಹೇಳಿತ್ತು. ಮುಂದಿನ ಆರು ತಿಂಗಳ ಅಂದಾಜಿನಲ್ಲಿ ಆ ಮಾತಿಲ್ಲ. ಪಾಕಿಸ್ತಾನದ ಹಣಕಾಸಿನ ಸ್ಥಿತಿ ನೋಡಿದರೆ ಸದ್ಯಕ್ಕೆ ಯುದ್ಧ ಮಾಡುವುದು ವಿವೇಕದ ನಿರ್ಧಾರವಾಗದು ಅನ್ನುವ ಧಾಟಿ ಇದೆ. ಯಾರ ವಿವೇಕ? ನಮ್ಮದು. ಎದುರಿಗಿರುವವನೂ ನಮ್ಮ ಹಾಗೇ ಲೆಕ್ಕ ಹಾಕುತ್ತಾನೆ ಅನ್ನುವುದು ಹ್ಯೂಯರ್ ಹೇಳುವ ತಪ್ಪುಗಳ ಪಟ್ಟಿಯಲ್ಲಿ ಬಹಳ ಮೇಲಿದೆ. ಈಜಿಪ್ಟ್ ವಿಷಯದಲ್ಲಿ ಆಗಿದ್ದೂ ಅದೇ. ಗೆಲ್ಲಲಾಗದ ಯುದ್ಧವನ್ನು ಯಾರು ಶುರು ಮಾಡುತ್ತಾರೆ ಅಂತ ಇಸ್ರೇಲ್ ಯೋಚಿಸಿತು. ಸಾದಾತ್‌ಗೆ ಪೂರ್ತಿ ಗೆಲುವು ಬೇಕೇ ಇರಲಿಲ್ಲ.

ಇಷ್ಟೆಲ್ಲಾ ಓದಿಕೊಂಡು ಬುದ್ಧಿವಂತನಾಗಿದ್ದೆ. ಆಮೇಲೆ ಸಂಕ್ರಾಂತಿಗೆ ತಿಪಟೂರಿಗೆ ಹೋದೆ.

ಅಪ್ಪನಿಗೆ ಹತ್ತು ಹದಿನೈದು ದಿನದಿಂದ ಎದೆಯ ನಡುವೆ ಹಿಡಿದಂತೆ ಆಗುತ್ತಿತ್ತು. ಗ್ಯಾಸ್ಟ್ರಿಕ್ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು. ಯಾಕಾಗಬಾರದು? ಅವರೆಕಾಯಿ ಕಾಲ, ದಿನಾ ಹಿತಕಿದ ಬೇಳೆ ಸಾರು. ತೇಗು ಬಂದರೆ ಸ್ವಲ್ಪ ಹಗುರ ಆಗುತ್ತದೆ ಅನ್ನುತ್ತಿದ್ದರು. ದವಡೆ ನೋಯುತ್ತೆ ಅಂದರು, ಹಲ್ಲಿನದ್ದು ಹಳೇ ತಕರಾರು. ಬೆವರುತ್ತಾರೆ ಅಂದರೆ, ತೋಟಕ್ಕೆ ನಡೆದುಕೊಂಡು ಹೋಗಿ ಬಂದರೆ ಬೆವರದೆ ಇನ್ನೇನು. ಜೀರಿಗೆ ಕಷಾಯ, ಓಮಿನ ಕಾಳು, ಈನೋ, ಸರದಿ ಪ್ರಕಾರ ನಡೆಯುತ್ತಿತ್ತು. ನಮ್ಮ ಮನೆಗೂ ಒಂದು ಮೇ ತಿಂಗಳಿತ್ತು ಅನ್ನಿ. ಎರಡು ವರ್ಷದ ಹಿಂದೆ ಹೀಗೇ ಎದೆನೋವು ಅಂದಾಗ ನಡುರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಿ, ಎಲ್ಲಾ ಟೆಸ್ಟ್ ಮಾಡಿಸಿ, ಕೊನೆಗೆ ಬರೀ ಗ್ಯಾಸ್ ಅಂತ ತಿಳಿದು ವಾಪಸ್ ಬಂದಿದ್ದೆವು. ಅಪ್ಪನಿಗೆ ಅದೊಂದು ಅವಮಾನ. ಅವತ್ತು ಬರೀ ಗ್ಯಾಸ್ ಇರಬೇಕು ಬಿಡಿ ಅಂದಿದ್ದವನು ನಾನು.

ಅಕ್ಕನ ಮಗ ನರ್ಸಿಂಗ್ ಓದುತ್ತಿದ್ದ, ಎರಡನೇ ವರ್ಷ. ಅವನೂ ಹಬ್ಬಕ್ಕೆ ಬಂದಿದ್ದ. ಅಪ್ಪನ ಪಕ್ಕ ಕೂತು ಒಂದೊಂದೇ ಕೇಳಿದ. ತಾತ, ಯಾವಾಗ ಹಿಡಿಯುತ್ತೆ? ತೋಟದಿಂದ ದಿಣ್ಣೆ ಹತ್ತುವಾಗ. ನಿಂತರೆ? ನಿಂತರೆ ಐದು ನಿಮಿಷಕ್ಕೆ ಹೋಗುತ್ತೆ. ಊಟ ಆದ ಮೇಲೆ ಕೂತಾಗ? ಇಲ್ಲ. ಅವನು ನನ್ನನ್ನು ಹಿತ್ತಲಿಗೆ ಕರೆದ.

"ಮಾವ, ಒಂದು ಇಸಿಜಿ ಮಾಡಿಸೋಣ. ಗ್ಯಾಸಿಗೆ ತಾತ ನಡೀತಿದಾರೋ ಕೂತಿದಾರೋ ಗೊತ್ತಾಗಲ್ಲ."

ಸೋವಿಯತ್ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ವಿಮಾನ ಹತ್ತುತ್ತಿದ್ದರು, ನನ್ನ ಕಣ್ಣೆದುರೇ. ತೇಗು ಎರಡೂ ಕಡೆಗೆ ಹೊಂದುತ್ತದೆ, ಬೆವರೂ ಹೊಂದುತ್ತದೆ. ನಡೆದರೆ ಬಂದು ನಿಂತರೆ ಹೋಗುವ ನೋವು ಒಂದೇ ಕಡೆಗೆ. ನಾನೇನು ಮಾಡಿದೆ ಗೊತ್ತಾ? "ಹಾರ್ಟ್ ಇರೋ ಚಾನ್ಸ್ ಎಷ್ಟು ಅಂತೀಯ?" ಅಂದೆ. ಪರ್ಸೆಂಟಿನ ಹುಚ್ಚು.

ಪಾಪ, ಹುಡುಗ ಯೋಚಿಸಿದ. "ಹತ್ತು ಪರ್ಸೆಂಟ್ ಅಂತೂ ಇರುತ್ತೆ ಮಾವ."

"ಹತ್ತೇ ತಾನೇ? ಹಬ್ಬ ಮುಗಿಯಲಿ, ನೋಡೋಣ."

ಡೇನಿಯಲ್ ಕಾನೆಮನ್ ಹೇಳಿಕೊಂಡ ಒಂದು ಪ್ರಸಂಗ ಇದೆ, ನಾನು ಅದನ್ನು ಓದಿದ್ದು ಇದೆಲ್ಲಾ ಆದ ಮೇಲೆ. ತಪ್ಪು ಅಂದಾಜುಗಳ ಬಗ್ಗೆ ಆಮೋಸ್ ಟ್ವರ್ಸ್ಕಿ ಜೊತೆ ಸೇರಿ ಇಡೀ ಶಾಸ್ತ್ರವನ್ನೇ ಕಟ್ಟಿದವರು, ಇಬ್ಬರೂ ಇಸ್ರೇಲಿನವರು, 1973ರ ಯುದ್ಧದಲ್ಲೂ ಸೇವೆ ಮಾಡಿದವರು. ಯುದ್ಧದ ನಂತರ ಕಾನೆಮನ್ ಅವರು ವಿದೇಶಾಂಗ ಇಲಾಖೆಯ ಜ್ವಿ ಲಾನಿರ್ ಜೊತೆ ಸೇರಿ, ಗುಪ್ತಚರ ಅಂದಾಜುಗಳನ್ನು ಉದ್ದುದ್ದ ಪ್ರಬಂಧದ ಬದಲು ಅಂಕಿಯಲ್ಲಿ ಕೊಡುವ ಪ್ರಯತ್ನ ಮಾಡಿದರು. ಅಮೆರಿಕದ ವಿದೇಶಾಂಗ ಸಚಿವ ಕಿಸಿಂಜರ್ ಅವರ ಮಾತುಕತೆ ಮುರಿದುಬಿದ್ದರೆ ಸಿರಿಯಾ ಜೊತೆ ಯುದ್ಧದ ಸಾಧ್ಯತೆ ಹತ್ತು ಪರ್ಸೆಂಟ್ ಏರುತ್ತದೆ ಅಂತ ಲೆಕ್ಕ ಹಾಕಿ ಕೊಟ್ಟರು. ಇಬ್ಬರಿಗೂ ಅದು ನಡುಕ ಹುಟ್ಟಿಸುವ ಅಂಕಿ. ಇಲಾಖೆಯ ದೊಡ್ಡವರು ನೋಡಿ, ಹತ್ತೇನಾ, ಅಷ್ಟೇನಿಲ್ಲ ಅಂದುಬಿಟ್ಟರು. ಅಂಕಿ ನೋಡಿ ಯಾರೂ ನಿರ್ಧಾರ ಮಾಡುವುದಿಲ್ಲ, ಅವರಿಗೆ ಕಥೆ ಬೇಕು ಅಂತ ಕಾನೆಮನ್ ಅವತ್ತೇ ಆ ಪ್ರಯತ್ನ ಕೈಬಿಟ್ಟರಂತೆ.

ನಮ್ಮ ಮನೆಯಲ್ಲಿ ಕಥೆ ಹೇಳಿದವರು ಅಮ್ಮ. ಎಳ್ಳು ಬೆಲ್ಲ ಪೊಟ್ಟಣ ಕಟ್ಟುತ್ತಾ ಕೂತಿದ್ದವರು ತಲೆ ಎತ್ತದೆ ಅಂದರು: "ಆ ಹಿಟ್ಟಿನ ಗಿರಣಿಯವರೂ ಗ್ಯಾಸು ಗ್ಯಾಸು ಅಂತಲೇ ಅಲ್ವಾ ಇದ್ದಿದ್ದು? ರಾತ್ರಿ ಒಂದು ಸೋಡಾ ಕುಡಿದು ಮಲಗಿದ್ರು. ಬೆಳಿಗ್ಗೆ ರಾಗಿ ಬೀಸೋಕೆ ಕೊಟ್ಟವರು ಬಂದು ಬಾಗಿಲು ಬಡೀತಾ ಇದ್ರು."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಒಳಗೆ ಹೋದರು. ಬಂದಾಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. "ಗಾಡಿ ತೆಗಿ," ಅಂದರು ನನಗೆ.

ತುಮಕೂರಿನಲ್ಲಿ ಇಸಿಜಿ ನೋಡಿದವರೇ ವಾಪಸ್ ಕಳಿಸಲಿಲ್ಲ, ಎರಡು ಸ್ಟೆಂಟ್ ಬಿತ್ತು, ಈಗ ಅಪ್ಪ ಮತ್ತೆ ತೋಟಕ್ಕೆ ಓಡಾಡುತ್ತಿದ್ದಾರೆ. ಆದರೆ ಅವತ್ತು ದಾರಿಯುದ್ದಕ್ಕೂ, ಗುಬ್ಬಿ ದಾಟುವ ತನಕ, ಅವರು ಆ ಗಿರಣಿಯವರ ಮಾತೇ ಆಡುತ್ತಿದ್ದರು. ಎಂಥ ಆಳು ಅವನು, ರಾಗಿ ಮೂಟೆ ಒಬ್ಬನೇ ಎತ್ತಿ ಹಾಕುತ್ತಿದ್ದ, ಬೀಸಿದ್ದಕ್ಕೆ ಒಂದು ದಿನವೂ ಜಾಸ್ತಿ ಕಾಸು ಕೇಳಲಿಲ್ಲ, ಅವನ ಮಗನ ಮದುವೆಯಲ್ಲಿ ಹೀಗಾಯಿತು, ಹಾಗಾಯಿತು. ಹಿಂದಿನ ಸೀಟಿನಲ್ಲಿ ಅಕ್ಕನ ಮಗ ತಾತನ ನಾಡಿ ಹಿಡಿದುಕೊಂಡು ಕೂತಿದ್ದ. ಹತ್ತು ಪರ್ಸೆಂಟಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.